ಕಚೇರಿ, ಪಕ್ಕವಾದ್ಯ ಮತ್ತು ನಾವು

ಕನ್ನಡದಲ್ಲಿ ಕಚೇರಿ ಎಂಬ ಮಾತಿಗೆ ಎರಡು ಅರ್ಥ. ಒಂದು, ಬೆಳಿಗ್ಗೆ ಎದ್ದು ಗಡಿಬಿಡಿಯಲ್ಲಿ ಓಡುವ ಕಚೇರಿ. ಇನ್ನೊಂದು, ಸಂಜೆ ಜುಬ್ಬಾ ಹಾಕಿ, ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಸಿಕ್ಕಿದರೆ ಮುಡಿದು ಹೋಗುವ ಕಚೇರಿ. ಮೊದಲನೆಯದು ನಮ್ಮನ್ನು ಈ ದ್ವೀಪಕ್ಕೆ ಕರೆತಂದಿತು. ಎರಡನೆಯದು ಇಲ್ಲಿ ಇಷ್ಟು ವರ್ಷ ನೆಮ್ಮದಿಯಿಂದ ಇರಿಸಿತು ಎಂದರೆ ಅದು ಅತಿಶಯೋಕ್ತಿಯಲ್ಲ.

ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಲೇಬೇಕೆಂದು ಸಂಪಾದಕರು ದುಂಬಾಲು ಬಿದ್ದರು. ನಮಗೆ ಕಥೆ ಬಾರದು, ಕವನ ಮೊದಲೇ ಬಾರದು. "ನೀವು ಒಂದೂ ಸಂಗೀತ ಕಾರ್ಯಕ್ರಮ ತಪ್ಪಿಸುವವರಲ್ಲ, ಅದನ್ನೇ ಬರೆಯಿರಿ" ಎಂದರು. ಸರಿ, ಒಪ್ಪಿಕೊಂಡೆವು. ಈ ಲೇಖನದಲ್ಲಿ 'ನಾವು' ಎಂದರೆ ಗಂಡ-ಹೆಂಡತಿ ಇಬ್ಬರೂ. ಒಬ್ಬರು ಬರೆಯುತ್ತಿದ್ದರೆ ಇನ್ನೊಬ್ಬರು ಬೆನ್ನ ಹಿಂದೆ ನಿಂತು ತಿದ್ದುತ್ತಿದ್ದಾರೆ. ಬರೆದವರು ಯಾರು, ತಿದ್ದಿದವರು ಯಾರು ಎಂಬುದನ್ನು ಓದುಗರ ಊಹೆಗೇ ಬಿಡುತ್ತೇವೆ. ನಮ್ಮಿಬ್ಬರಿಗೂ ಹಾಡಲು ಬಾರದು. ಆದರೆ ಕೇಳಲು ಬರುತ್ತದೆ ಎಂಬ ಸಣ್ಣ ಜಂಬ ಮಾತ್ರ ಇದೆ.

ನಾವು ಮನಾಮಾಕ್ಕೆ ಬಂದದ್ದು 1993ರಲ್ಲಿ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಸಾರಿನ ಪುಡಿ, ಹಪ್ಪಳ, ಜೊತೆಗೆ ಹನ್ನೆರಡು ಕ್ಯಾಸೆಟ್. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಹೆಸರಾದ, 1978ರ 'ನಿತ್ಯೋತ್ಸವ' ಅದರಲ್ಲಿತ್ತು. ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರ ಸಂಗೀತ. ಅಶ್ವತ್ಥರ ಶರೀಫಜ್ಜನ ಹಾಡುಗಳಿದ್ದವು, ಶಿವಮೊಗ್ಗ ಸುಬ್ಬಣ್ಣನವರಿದ್ದರು. ಕೇಳಿ ಕೇಳಿ ಟೇಪು ಸವೆದು, ಒಂದು ಬದಿಯ ಹಾಡಿನ ಹಿಂದೆ ಇನ್ನೊಂದು ಬದಿಯ ಹಾಡು ತೆಳ್ಳಗೆ ಕೇಳಿಸುವವರೆಗೂ ಕೇಳಿದೆವು.

ಆ ಕಾಲದಲ್ಲಿ ಊರಿನಿಂದ ಕಲಾವಿದರು ಬರುವುದೆಂದರೆ ಹಬ್ಬವೇ. 2006ರವರೆಗೆ ಮಂಗಳೂರಿನಿಂದ ನೇರ ಅಂತರರಾಷ್ಟ್ರೀಯ ವಿಮಾನ ಇರಲಿಲ್ಲ, ಎಲ್ಲರೂ ಮುಂಬಯಿ ಸುತ್ತಿಯೇ ಬರಬೇಕಿತ್ತು. ಹಾಡುವವರ ಜೊತೆ ತಬಲಾದವರು, ಕೊಳಲಿನವರು, ಹಾರ್ಮೋನಿಯಂ ಅಥವಾ ಕೀಬೋರ್ಡಿನವರು ಬರುತ್ತಿದ್ದರು. ಎಲ್ಲರಿಗೂ ಹೋಟೆಲ್ ಮಾಡುವಷ್ಟು ಹಣ ಸಂಘದಲ್ಲಿ ಇರುತ್ತಿರಲಿಲ್ಲವಾದ್ದರಿಂದ ಸದಸ್ಯರ ಮನೆಗಳಿಗೆ ಒಬ್ಬೊಬ್ಬರನ್ನು ಹಂಚಿಕೊಡುತ್ತಿದ್ದರು. ಮುಖ್ಯ ಗಾಯಕರು ಸಿಕ್ಕುತ್ತಿದ್ದುದು ಅಧ್ಯಕ್ಷರಿಗೆ. ನಮ್ಮಂಥವರ ಪಾಲಿಗೆ ಒಮ್ಮೆ ಕೊಳಲಿನವರು ಬಂದರು. ಮೂರು ದಿನ ನಮ್ಮ ಬಚ್ಚಲ ಮನೆಯಲ್ಲಿ ಮೋಹನ, ಹಂಸಧ್ವನಿಗಳು ಹರಿದವು. ಇಂದಿಗೂ ಆ ಬಚ್ಚಲಿನ ನಲ್ಲಿ ತೊಟ್ಟಿಕ್ಕಿದರೆ, ಅದು ಶ್ರುತಿಯಲ್ಲಿದೆಯೇ ಎಂದು ನೋಡುವ ಅಭ್ಯಾಸ ನಮಗಿದೆ.

2006ರ ಸೆಪ್ಟೆಂಬರಿನಲ್ಲಿ ಬಹರೈನಿನ ವಾರದ ರಜೆ ಶುಕ್ರವಾರ-ಶನಿವಾರಕ್ಕೆ ಬದಲಾಯಿತು. ಅದಕ್ಕೆ ಮೊದಲು ಗುರುವಾರ-ಶುಕ್ರವಾರ ಇತ್ತು. ಹಾಗಾಗಿ ಕಾರ್ಯಕ್ರಮಗಳೂ ಆ ಎರಡು ರಾತ್ರಿಗಳಲ್ಲೇ. ಆಮಂತ್ರಣದಲ್ಲಿ ಏಳೂವರೆ ಎಂದಿದ್ದರೆ ದೀಪ ಬೆಳಗುವುದು ಎಂಟೂಕಾಲಿಗೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಹಿತನುಡಿ, ಶಾಲು, ಹಾರ, ಸ್ಮರಣಿಕೆ. ಮೊದಲ ಹಾಡು ಶುರುವಾಗುವ ಹೊತ್ತಿಗೆ ಹಿಂದಿನ ಸಾಲಿನ ಮಕ್ಕಳು ಅಮ್ಮಂದಿರ ಮಡಿಲಲ್ಲಿ ನಿದ್ದೆಗೆ ಜಾರಿರುತ್ತಿದ್ದವು. ಆದರೂ ತಬಲಾದ ಮೊದಲ ಪೆಟ್ಟು ಬಿದ್ದೊಡನೆ ಸಭೆಯಲ್ಲಿ ಒಂದು ಸಂಚಾರ ಆಗುತ್ತಿತ್ತು, ನೋಡಿ! ಅದನ್ನು ಬರೆದು ತಿಳಿಸುವುದು ಕಷ್ಟ. ಬಂದಿದ್ದವರಿಗೆ ಗೊತ್ತು.

ಈಗ ನಮ್ಮ ಸಂಘದ ಮಕ್ಕಳೆಲ್ಲ 'ತಬಲಾ ಮಾಮ' ಎಂದು ಕರೆಯುವವರ ವಿಷಯಕ್ಕೆ ಬರುತ್ತೇವೆ. ಹೆಸರು ಬರೆಯಬಾರದೆಂದು ಅವರ ಅಪ್ಪಣೆಯಾಗಿದೆ. ಶಿರಸಿ ಕಡೆಯವರು, ಹಗಲೆಲ್ಲ ಲೆಕ್ಕಪತ್ರದ ಕೆಲಸ, ರಾತ್ರಿ ತಬಲಾ. ಊರಿನಿಂದ ಗಾಯಕರು ಒಬ್ಬರೇ ಬಂದಾಗ ಇಲ್ಲಿ ಜೊತೆ ಕೊಡುತ್ತಿದ್ದವರು ಅವರು. ಹಾರ್ಮೋನಿಯಂಗೆ ಇನ್ನೊಬ್ಬ ಅಕ್ಕ ಇದ್ದರು, ಈಗ ಕೆನಡಾದಲ್ಲಿ ಮಗನ ಮನೆಯಲ್ಲಿದ್ದಾರೆ. ತಬಲಾ ಮಾಮ ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಸಭಾಂಗಣಕ್ಕೆ ಬಂದು ಕೂರುತ್ತಿದ್ದರು. ಏಕೆಂದು ಕೇಳಿದ್ದಕ್ಕೆ ಹೇಳಿದರು: ಹೊರಗೆ ಸಮುದ್ರದ ಸೆಕೆ, ತೇವ, ಒಳಗೆ ಏಸಿಯ ಒಣ ಚಳಿ. ತೇವಕ್ಕೆ ಚರ್ಮ ಸಡಿಲವಾಗಿ ಸ್ವರ ಇಳಿಯುತ್ತದೆ, ಒಣ ಹವೆಗೆ ಬಿಗಿದು ಏರುತ್ತದೆ. ಆದ್ದರಿಂದ ತಬಲಾ ಮೊದಲು ಒಳಗಿನ ಹವೆಗೆ ಒಗ್ಗಬೇಕು, ಆಮೇಲೆ ಸುತ್ತಿಗೆಯಿಂದ ತಟ್ಟಿ ತಟ್ಟಿ ಹಾಡುವವರ ಷಡ್ಜಕ್ಕೆ ಸೇರಿಸಬೇಕು. ಬೇಸಿಗೆಯಲ್ಲಿ ತಬಲಾವನ್ನು ಕಾರಿನಲ್ಲಿ ಒಂದು ನಿಮಿಷವೂ ಬಿಡುವುದಿಲ್ಲ, ನಡುವಿನ ಕಪ್ಪು ಕರಣೆ ಬಿರಿಯುತ್ತದೆಂಬ ಭಯ. ಬಟ್ಟೆಯಲ್ಲಿ ಸುತ್ತಿ, ಎಳೆ ಮಗುವಿನಂತೆ ಎತ್ತಿಕೊಂಡೇ ಬರುತ್ತಾರೆ.

ಒಂದು ಕಾರ್ಯಕ್ರಮಕ್ಕೆ ಅವರು ಬರಿಗೈಯಲ್ಲಿ ಬಂದು, ನಮ್ಮ ಪಕ್ಕದಲ್ಲೇ ನಾಲ್ಕನೆಯ ಸಾಲಿನಲ್ಲಿ ಕುಳಿತರು. 2009ರ ಸುಮಾರಿರಬೇಕು, ನಮ್ಮ ಕಿರಿಯ ಮಗಳಿಗೆ ಆಗ ಏಳು ವರ್ಷ. ಅವಳು ಕೇಳಿಯೇಬಿಟ್ಟಳು:

"ಮಾಮಾ, ಇವತ್ತು ನೀವು ಬಾರಿಸಲ್ವಾ?"

"ಇವತ್ತು ನಂಗೆ ರಜಾ ಪುಟ್ಟಿ. ಪೆನ್‌ಡ್ರೈವ್ ಡ್ಯೂಟಿಗೆ ಬಂದಿದೆ."

ಎಲ್ಲರೂ ನಕ್ಕರು, ಅವರೂ ನಕ್ಕರು. ವೇದಿಕೆಯ ಮೇಲೆ ಗಾಯಕರೊಬ್ಬರೇ ನಿಂತಿದ್ದರು. ತಬಲಾ, ಕೊಳಲು, ಪಿಟೀಲು, ಸಿತಾರ್ ಎಲ್ಲ ಧ್ವನಿವರ್ಧಕದಿಂದ ಬಂದವು. ಒಂದು ಅಪಸ್ವರವಿಲ್ಲ, ಒಂದು ತಾಳ ತಪ್ಪಿಲ್ಲ. ಮಗಳು ಮಾತ್ರ ಕುರ್ಚಿಯ ತುದಿಗೆ ಬಂದು ಪರದೆಯ ಪಕ್ಕಕ್ಕೆ ಇಣುಕುತ್ತಲೇ ಇದ್ದಳು. "ಅಮ್ಮಾ, ಕೊಳಲು ಊದುವವರು ಎಲ್ಲಿ ಕೂತಿದ್ದಾರೆ?" ಎಂದು ಮೂರು ಸಲ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟು, ಹಿಂದಿನ ಸಾಲಿನ ಮಕ್ಕಳ ಜೊತೆ ಆಡಲು ಓಡಿದಳು.

ಅಂದಿನಿಂದ ಇಂದಿನವರೆಗೆ ಇಲ್ಲಿ ಕೇಳಿದ ಹೆಚ್ಚಿನ ಕಾರ್ಯಕ್ರಮಗಳು 'ಟ್ರ್ಯಾಕ್' ಮೇಲಿನವು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಖಜಾಂಚಿಗಳ ಕಷ್ಟ ನಮಗೆ ಗೊತ್ತು. ಐವರು ಬಂದರೆ ಐದು ಟಿಕೆಟ್, ಐದು ವೀಸಾ, ಐದು ಹಾಸಿಗೆ, ಮೇಲೆ ವಾದ್ಯಗಳ ಲಗೇಜು. ಒಬ್ಬರೇ ಬಂದರೆ ಒಂದು ಟಿಕೆಟ್, ಜೇಬಿನಲ್ಲೊಂದು ಪೆನ್‌ಡ್ರೈವ್. ಉಳಿದ ಹಣದಲ್ಲಿ ಊಟಕ್ಕೆ ಹೋಳಿಗೆಯನ್ನೂ ಸೇರಿಸಬಹುದು. ಪ್ರಾಯೋಜಕರು ಕೇಳುವುದೂ ದೊಡ್ಡ ಹೆಸರನ್ನೇ. ತಬಲಾ ಯಾರದೆಂದು ಕೇಳಿದ ಪ್ರಾಯೋಜಕರನ್ನು ನಾವಿನ್ನೂ ಕಂಡಿಲ್ಲ.

ಆದರೆ ಇಷ್ಟು ವರ್ಷ ಕೇಳಿದ ಮೇಲೆ ಒಂದು ವ್ಯತ್ಯಾಸ ನಮಗೆ ಸ್ಪಷ್ಟವಾಗಿ ತೋರುತ್ತದೆ. ತಬಲಾದವರು ಕಾಯುತ್ತಾರೆ, ಟ್ರ್ಯಾಕ್ ಕಾಯುವುದಿಲ್ಲ. ಹಿಂದೆ ಒಂದು ಸಾಲು ಚೆನ್ನಾಗಿ ಬಂದು ಸಭೆಯಲ್ಲಿ ಯಾರೋ "ಆಹಾ" ಎಂದರೆ, ಗಾಯಕರು ಅದೇ ಸಾಲನ್ನು ಮತ್ತೆ ಹಿಡಿದು, ಬೇರೊಂದು ಕಡೆಯಿಂದ ತಿರುಗಿಸಿ ತರುತ್ತಿದ್ದರು. ತಬಲಾದವರು ಮುಖ ನೋಡಿ ಅಲ್ಲೇ ನಿಲ್ಲುತ್ತಿದ್ದರು, ಕೊಳಲಿನವರು ಬಾಯಿಗೆ ತಂದ ಕೊಳಲನ್ನು ಕೆಳಗಿಳಿಸುತ್ತಿದ್ದರು. ಟ್ರ್ಯಾಕಿನಲ್ಲಿ ಎಂಟನೆಯ ಆವರ್ತ ಮುಗಿಯಿತೆಂದರೆ ಪಿಟೀಲುಗಳು ಬಂದೇ ಬಿಡುತ್ತವೆ. ನೀವು "ಆಹಾ" ಅನ್ನಿ, ಆಕಳಿಸಿ, ಹಾಡು ಅಷ್ಟೇ ನಿಮಿಷಕ್ಕೆ ಮುಗಿಯುತ್ತದೆ. ಅಂದರೆ ವೇದಿಕೆಯಿಂದ ಎದ್ದು ಹೋದದ್ದು ತಬಲಾ ಒಂದೇ ಅಲ್ಲ, ಕೇಳುವ ನಮ್ಮ ಪಾತ್ರವೂ ಹೋಯಿತು.

ಕರಾವಳಿಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆಂಡೆ-ಮದ್ದಳೆಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಯಕ್ಷಗಾನ ಕುಣಿಯಿರಿ ಎಂದರೆ ಯಾರಾದರೂ ಒಪ್ಪುತ್ತಾರೆಯೇ? ಭಾಗವತರು ವೇಷಧಾರಿಯ ಹೆಜ್ಜೆ ನೋಡಿ ಪದ ಎತ್ತುತ್ತಾರೆ, ಮದ್ದಳೆಯವರು ಇಬ್ಬರನ್ನೂ ನೋಡುತ್ತಾರೆ. ಯಕ್ಷಗಾನದ ಹಿಮ್ಮೇಳಕ್ಕೆ ಕೊಡುವ ಮರ್ಯಾದೆಯನ್ನು ಭಾವಗೀತೆಯ ಹಿಮ್ಮೇಳಕ್ಕೆ ಏಕೆ ಕೊಡುವುದಿಲ್ಲ ಎಂಬುದು ನಮ್ಮ ಸಂದೇಹ.

ಹಾಗೆಂದು ಊರಿನಲ್ಲಿ ಪಕ್ಕವಾದ್ಯದವರಿಗೆ ಬಹಳ ಮರ್ಯಾದೆ ಎಂದೂ ಹೇಳುವಂತಿಲ್ಲ. ಒಮ್ಮೆ ಮನೆಯ ಮದುವೆಗೆಂದು ಬೆಂಗಳೂರಿಗೆ ಹೋದಾಗ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಶ್ರೀ ರಾಮಸೇವಾ ಮಂಡಲಿಯ ರಾಮನವಮಿ ಉತ್ಸವಕ್ಕೆ ಮೂರು ಸಂಜೆ ಹೋಗಿದ್ದೆವು. 1939ರಿಂದ ನಡೆದುಬಂದ ಉತ್ಸವ. ಚಪ್ಪರದ ಕೆಳಗೆ ಕುಳಿತು ಕೇಳುವ ಆ ಸುಖವೇ ಬೇರೆ. ಆದರೆ ಮೃದಂಗದ ತನಿ ಆವರ್ತನ ಶುರುವಾದೊಡನೆ ನಮ್ಮ ಸಾಲಿನಲ್ಲಿ ಅರ್ಧ ಜನ ಕಾಫಿಗೆ ಎದ್ದರು! ಹಾಗೆ ಎದ್ದವರ ನಡುವೆ, ಬೆನ್ನು ಬಾಗಿದ ಒಬ್ಬ ಅಜ್ಜ ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಾ ಕೊನೆಯ ಮುಕ್ತಾಯದವರೆಗೂ ಅಲುಗದೆ ಕುಳಿತಿದ್ದರು. ಮೃದಂಗದವರು ಮುಗಿಸಿದ ಮೇಲೆ ಕೈಮುಗಿದದ್ದು ಆ ಅಜ್ಜ ಕುಳಿತಿದ್ದ ಕಡೆಗೇ.

ಅದೇ ಬೆಂಗಳೂರಿನಲ್ಲಿ ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವಿದೆ, 1980ರಲ್ಲಿ ತಲೆಯೆತ್ತಿದ್ದು. ಮೈಸೂರು ಟಿ. ಚೌಡಯ್ಯನವರು (1895–1967) ತಿರುಮಕೂಡಲು ನರಸೀಪುರದವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಅರಿಯಕ್ಕುಡಿ, ಚೆಂಬೈ ಮುಂತಾದ ಮಹಾ ಗಾಯಕರ ಪಕ್ಕದಲ್ಲಿ ಕುಳಿತು ನುಡಿಸಿದವರು. ಧ್ವನಿವರ್ಧಕ ಇಲ್ಲದ ಆ ಕಾಲದಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಹಾಕಿದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ನಮ್ಮ ರಾಜಧಾನಿಯ ಹೆಸರಾಂತ ಸಂಗೀತ ಭವನ, ಪಕ್ಕವಾದ್ಯ ನುಡಿಸಿ ದೊಡ್ಡವರಾದವರ ಹೆಸರಿನಲ್ಲಿದೆ ಎಂಬುದನ್ನು ನೆನೆದಾಗಲೆಲ್ಲ ನಮಗೆ ಸಂತೋಷವಾಗುತ್ತದೆ.

ಇನ್ನು ಇಲ್ಲಿನದೇ ಒಂದು ಪ್ರಸಂಗ. ಯಾವ ಸಭಾಂಗಣ, ಯಾವ ಗಾಯಕಿ ಎಂಬುದು ಬೇಡ, ಅಲ್ಲಿದ್ದವರಿಗೆ ನೆನಪಿರುತ್ತದೆ. ಎರಡನೆಯ ಚರಣದ ನಡುವೆ ಟ್ರ್ಯಾಕ್ ಕೆಮ್ಮಿದಂತಾಗಿ ನಿಂತೇ ಹೋಯಿತು. ಧ್ವನಿವರ್ಧಕದ ಹುಡುಗ ಒಂದು ತಂತಿ ಎಳೆದು ಇನ್ನೊಂದು ಚುಚ್ಚಿದ. ಗಾಯಕಿ ಮೈಕ್ ಹಿಡಿದು ಸುಮ್ಮನೆ ನಿಂತರು. ಸಭೆಯಲ್ಲಿ ಆ ಮುಜುಗರದ ಗುಸುಗುಸು. ಆಗ ನಮ್ಮ ಪಕ್ಕದಲ್ಲಿದ್ದ ತಬಲಾ ಮಾಮ ಮುಂದಿನ ಖಾಲಿ ಪ್ಲಾಸ್ಟಿಕ್ ಕುರ್ಚಿಯನ್ನು ತಮ್ಮ ಕಡೆ ಎಳೆದುಕೊಂಡು ಅದರ ಬೆನ್ನ ಮೇಲೆ ಕೆಹರವಾ ಶುರು ಮಾಡಿದರು. ಎರಡು ಸಾಲು ಚಪ್ಪಾಳೆ ಸೇರಿತು, ಆಮೇಲೆ ಹತ್ತು ಸಾಲು. ಗಾಯಕಿ ನಕ್ಕು, ಅದೇ ಚರಣವನ್ನು ಮೊದಲಿನಿಂದ ಎತ್ತಿಕೊಂಡರು. ಒಂದು ಸಾಲನ್ನು ಮೂರು ಬಗೆಯಲ್ಲಿ ಹಾಡಿದರು. ಪಲ್ಲವಿಯನ್ನು ಹೆಂಗಸರ ಕಡೆಯಿಂದ ಒಮ್ಮೆ, ಗಂಡಸರ ಕಡೆಯಿಂದ ಒಮ್ಮೆ ಹೇಳಿಸಿದರು. ನಾಲ್ಕು ನಿಮಿಷದ ಹಾಡು ಹತ್ತು ನಿಮಿಷವಾಯಿತು. ಹಿಂದೆ ಆಡುತ್ತಿದ್ದ ಮಕ್ಕಳೆಲ್ಲ ಓಡಿಬಂದು ನಡುವಿನ ದಾರಿಯಲ್ಲಿ ಕುಳಿತವು.

ಆಮೇಲೆ ಯಂತ್ರ ಸರಿಹೋಯಿತು. ಉಳಿದ ಹಾಡುಗಳನ್ನು ಯಂತ್ರದ ಜೊತೆಗೇ ಹಾಡಿದರು, ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಆದರೆ ಮನೆಗೆ ಮರಳುವಾಗ ಕಾರಿನಲ್ಲಿ ನಾವೆಲ್ಲ ಗುನುಗಿದ್ದು ಆ ಒಂದೇ ಹಾಡನ್ನು.

ಇದು ನಮ್ಮ ಊರಿನ ಸಂಗೀತಕ್ಕಷ್ಟೇ ಸಲ್ಲುವ ಮಾತಲ್ಲ ಎಂಬುದು ತಿಳಿದದ್ದು ಮುಹರ್ರಕ್‌ನಲ್ಲಿ. ಮನಾಮಾದಿಂದ ಸೇತುವೆ ದಾಟಿದರೆ ಸಿಕ್ಕುವ ಆ ಹಳೆಯ ಊರಿನಲ್ಲಿ ಮುತ್ತು ತೆಗೆಯುವವರ ಹಾಡು, ಫಿಜಿರಿ, ಇನ್ನೂ ಉಳಿದಿದೆ. ಹಿಂದೆ ಬೇಸಿಗೆಯ ತಿಂಗಳುಗಳಲ್ಲಿ ಹಾಯಿ ಹಡಗುಗಳು ಮುತ್ತಿಗಾಗಿ ಸಮುದ್ರಕ್ಕೆ ಹೊರಟಾಗ, ಹಾಡಲೆಂದೇ ಒಬ್ಬರನ್ನು ಕರೆದೊಯ್ಯುತ್ತಿದ್ದರು. ಅವರಿಗೆ ನಹ್ಹಾಮ್ ಎಂದು ಹೆಸರು. ಜಪಾನಿನ ಕೃಷಿ ಮುತ್ತು ಬಂದು, ಇಲ್ಲಿ 1932ರಲ್ಲಿ ತೈಲ ಸಿಕ್ಕಿ, ಆ ಕಸುಬು ಮುಳುಗಿಹೋಯಿತು. ಹಾಡು ಮಾತ್ರ ದಡದ 'ದಾರ್'ಗಳಲ್ಲಿ, ಅಂದರೆ ಹಾಡುವವರು ಸೇರುವ ಮನೆಗಳಲ್ಲಿ, ಬದುಕಿಕೊಂಡಿತು. 2021ರಲ್ಲಿ ಯುನೆಸ್ಕೋ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದಾದ ಮೇಲೆ ಒಂದು ರಾತ್ರಿ ನಾವೂ ಕೇಳಲು ಹೋಗಿದ್ದೆವು. ಗೋಡೆಗೆ ಒರಗಿ ಸುತ್ತಲೂ ಗಂಡಸರು ನೆಲದ ಮೇಲೆ ಕುಳಿತಿದ್ದರು. ನಹ್ಹಾಮ್ ಎತ್ತರದ ದನಿಯಲ್ಲಿ ಎಳೆದರೆ, ಉಳಿದವರು ಅದರ ಕೆಳಗೆ, ಬಹಳ ಕೆಳಗೆ, ಸಮುದ್ರದ ಮೊರೆತದಂಥ ಒಂದೇ ದನಿಯನ್ನು ಹಿಡಿದರು. ಸಣ್ಣ ಕೈಡೋಲು, ಕಿರುತಾಳ, ಜಹ್ಲಾ ಎಂಬ ಮಣ್ಣಿನ ಗಡಿಗೆ. ನಮ್ಮ ಘಟಂ ನೆನಪಾಯಿತು. ಒಬ್ಬರ ಚಪ್ಪಾಳೆಯ ಸಂದಿನಲ್ಲಿ ಇನ್ನೊಬ್ಬರ ಚಪ್ಪಾಳೆ ಬೀಳುತ್ತಿತ್ತು. ಪಕ್ಕದ ಅರಬ್ಬಿ ಅಜ್ಜ ನಮಗೆ ಜಾಗ ಬಿಟ್ಟು, ಏಲಕ್ಕಿ ಪರಿಮಳದ ಕಾಫಿ ಕೊಡಿಸಿ, ನಮ್ಮ ಕೈಗಳನ್ನು ನೋಡಿ 'ನೀವೂ ತಟ್ಟಿ' ಎಂದು ಸನ್ನೆ ಮಾಡಿದರು. ಮಾತು ಒಂದೂ ಅರ್ಥವಾಗಲಿಲ್ಲ, ಆದರೂ ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ಹಡಗು ಹೋಗಿ, ಮುತ್ತು ಹೋಗಿ, ಆ ಹಾಡು ಉಳಿದದ್ದು ಜೊತೆಯವರು ಉಳಿದದ್ದರಿಂದ ಎಂದು ನಮಗನ್ನಿಸಿತು. ನಹ್ಹಾಮ್ ಒಬ್ಬರೇ ಹಾಡುತ್ತಿದ್ದರೆ ಅದು ಎಂದೋ ಮರೆತುಹೋಗುತ್ತಿತ್ತು.

ಕೊರೋನಾ ಕಾಲದಲ್ಲಿ ಇದು ಇನ್ನೂ ಚೆನ್ನಾಗಿ ಮನದಟ್ಟಾಯಿತು. 2020ರ ಸೆಪ್ಟೆಂಬರ್ 25ರಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ತೀರಿಕೊಂಡಾಗ ನಾಲ್ಕು ಜನ ಒಟ್ಟಿಗೆ ಕುಳಿತು ಅವರ ಹಾಡು ಕೇಳುವಂತೆಯೂ ಇರಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಎಷ್ಟೋ ಗಾಯನ ಕೇಳಿದೆವು. ಹಾಡು ಮುಗಿದ ಮೇಲೆ ಗಾಯಕರು ಒಂದು ಕ್ಷಣ ಸುಮ್ಮನೆ ನಮ್ಮ ಕಡೆ ನೋಡುತ್ತಿದ್ದರು. ನಾವು ಮನೆಯಲ್ಲಿ ಚಪ್ಪಾಳೆ ತಟ್ಟಿದ್ದು ಅವರಿಗೆ ಕೇಳಿಸುವಂತಿರಲಿಲ್ಲ.

ಇಷ್ಟೆಲ್ಲ ಈಗ ಬರೆಯಲು ಕಾರಣವಿದೆ. ತಬಲಾ ಮಾಮನಿಗೆ ಈ ವರ್ಷ ನಿವೃತ್ತಿ. ರಾಜ್ಯೋತ್ಸವ ಮುಗಿಸಿ, ಡಿಸೆಂಬರಿನಲ್ಲಿ ಶಿರಸಿಗೆ ಹೊರಡುತ್ತಾರೆ. ಅವರ ಬಳಿ ಎರಡು ಜೊತೆ ತಬಲಾ ಇವೆ. ಒಂದನ್ನು ಸಂಘಕ್ಕೆ ಬಿಟ್ಟುಹೋಗುತ್ತೇನೆ ಎಂದಿದ್ದಾರೆ, ಒಂದು ಷರತ್ತಿನ ಮೇಲೆ: ಗಾಜಿನ ಕಪಾಟಿನಲ್ಲಿ ಇಡಬಾರದು, ಬಾರಿಸಲು ಕೈಗಳಿರಬೇಕು. ಬಾರಿಸದ ತಬಲಾ ಬೇಗ ಕೆಡುತ್ತದಂತೆ.

ಕೈಗಳು ಇಲ್ಲವೆಂದಿಲ್ಲ. ಕಳೆದ ಎರಡು ವರ್ಷಗಳಿಂದ ಇಬ್ಬರು ಮಕ್ಕಳು ಅವರ ಮನೆಗೆ ಹೋಗಿ ಕಲಿಯುತ್ತಿದ್ದಾರೆ. ಒಬ್ಬ ಹುಡುಗ ಎಂಟನೆಯ ತರಗತಿ, ಒಬ್ಬಳು ಹುಡುಗಿ ಹತ್ತನೆಯ ತರಗತಿ. ಕೊಳಲು ಊದುವ ಒಬ್ಬ ಇಂಜಿನಿಯರ್ ಇತ್ತೀಚೆಗೆ ಧಾರವಾಡದಿಂದ ಬಂದಿದ್ದಾರೆ, ಕೀಬೋರ್ಡ್ ಕಲಿಯುವ ಮಕ್ಕಳಂತೂ ಮನೆಗೊಬ್ಬರು. ಇವರಿಗೆಲ್ಲ ಇಲ್ಲದ್ದು ವೇದಿಕೆ ಒಂದೇ. ವೇದಿಕೆಯ ಮೇಲೆ ಹಾಡುವವರ ಮುಖ ನೋಡಿ ಬಾರಿಸುವ ಅಭ್ಯಾಸ ಮನೆಯಲ್ಲಿ ಕುಳಿತು ಬರುವಂಥದಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮ ವಿನಂತಿ ಇಷ್ಟೇ. ದೊಡ್ಡ ಹೆಸರಿನ ಗಾಯಕರನ್ನು ಖಂಡಿತ ಕರೆಸಿ, ಟ್ರ್ಯಾಕಿನಲ್ಲೇ ಹಾಡಲಿ, ನಾವೂ ಮೊದಲ ಸಾಲಿನಲ್ಲಿ ಬಂದು ಕೂರುತ್ತೇವೆ. ಆದರೆ ಬರುವವರಿಗೆ ಮುಂಚಿತವಾಗಿ ತಿಳಿಸಿ, ನಾಲ್ಕೇ ನಾಲ್ಕು ಹಾಡನ್ನು ನಮ್ಮ ಇಲ್ಲಿನ ಮಕ್ಕಳ ಪಕ್ಕವಾದ್ಯದೊಡನೆ ಹಾಡಿಸಿ. ಹಾಡುಗಳ ಪಟ್ಟಿ, ಶ್ರುತಿ ಒಂದು ತಿಂಗಳು ಮೊದಲೇ ತರಿಸಿಕೊಟ್ಟರೆ ತಾಲೀಮಿಗೆ ನಮ್ಮ ಮನೆಯ ಹಾಲ್ ತೆರೆದಿರುತ್ತದೆ. ಚಹಾ-ಉಪ್ಪಿಟ್ಟು ನಮ್ಮದು. ಈ ರಾಜ್ಯೋತ್ಸವದಲ್ಲಿ ತಬಲಾ ಮಾಮ ಆ ಇಬ್ಬರು ಮಕ್ಕಳ ಪಕ್ಕದಲ್ಲಿ ಕುಳಿತು ಒಮ್ಮೆ ಬಾರಿಸಲಿ. ಮುಂದಿನ ವರ್ಷ ಮಕ್ಕಳೇ ಬಾರಿಸುತ್ತಾರೆ. ತಾಳ ಒಂದೆರಡು ಕಡೆ ತಪ್ಪೀತು, ತಪ್ಪಲಿ.

ಸದಸ್ಯ ಬಂಧುಗಳಲ್ಲೂ ಒಂದು ಮಾತು. ಏಳೂವರೆ ಎಂದರೆ ಏಳೂವರೆಗೇ ಬನ್ನಿ. ಮೊದಲ ಸಾಲಿನಿಂದ ತುಂಬಿಕೊಂಡು ಕುಳಿತುಕೊಳ್ಳಿ. ಮೊಬೈಲು ಜೇಬಿನಲ್ಲಿರಲಿ, ಎರಡೂ ಕೈ ಖಾಲಿ ಇರಲಿ. ತಬಲಾ ಒಂಟಿಯಾಗಿ ನುಡಿಯುವಾಗ ದಯವಿಟ್ಟು ಯಾರೂ ಕಾಫಿಗೆ ಏಳಬೇಡಿ. ಕಾಫಿ ಆರದಂತೆ ನೋಡಿಕೊಳ್ಳುವ ಜವಾಬ್ದಾರಿ ನಮ್ಮದು, ದೊಡ್ಡ ಫ್ಲಾಸ್ಕ್ ನಮ್ಮ ಮನೆಯಲ್ಲೇ ಇದೆ.